ಹೊಸ್ತಿಲೂ ಒಳಮನೆಯೂ: ಬಾಸ್ಟನ್ನಿನ ಒಂದು ಶಾಲೆಯ ಚರಿತ್ರೆ

ಮನೆಯಲ್ಲಿ ಹನ್ನೊಂದು ಹನ್ನೆರಡು ವರ್ಷದ ಮಗುವಿದ್ದು, ಅದು ಯಾವುದಾದರೊಂದು ಪ್ರವೇಶ ಪರೀಕ್ಷೆಗೆ ಕುಳಿತಿದ್ದರೆ, ಫಲಿತಾಂಶ ಬರುವ ದಿನ ಆ ಮನೆಯ ಗಾಳಿಯೇ ಬೇರೆ. ತಾಯಿ ಅಡಿಗೆಮನೆಯಿಂದ ಮೂರು ಸಲ ಹೊರಗೆ ಬಂದು ನೋಡುತ್ತಾಳೆ. ತಂದೆ ಓದಿದ ಪತ್ರಿಕೆಯನ್ನೇ ಮತ್ತೆ ಓದುತ್ತಾನೆ. ಮಗು ಯಾರ ಮುಖವನ್ನೂ ನೋಡದೆ ಮೂಲೆಯಲ್ಲಿ ಕುಳಿತಿರುತ್ತದೆ. ಪಟ್ಟಿಯಲ್ಲಿ ಹೆಸರಿದ್ದರೆ ಹಬ್ಬ, ಇಲ್ಲವಾದರೆ ಮೌನ. ಆದರೆ ಈ ಹಬ್ಬವೂ ಈ ಮೌನವೂ ಹೊಸ್ತಿಲಿನವರೆಗಿನ ಮಾತು. ಹೊಸ್ತಿಲು ದಾಟಿದ ಮಗು ಒಳಗೆ ಯಾರ ಪಕ್ಕದಲ್ಲಿ ಕೂರುತ್ತದೆ, ಅದನ್ನು ಯಾರು ಏನೆಂದು ಕರೆಯುತ್ತಾರೆ, ಅಳು ಬಂದಾಗ ಅದು ಯಾರ ಬಳಿಗೆ ಹೋಗುತ್ತದೆ ಎಂಬುದನ್ನು ಆ ದಿನ ಯಾರೂ ಕೇಳುವುದಿಲ್ಲ.

ಯಾರನ್ನು ಒಳಗೆ ಬಿಡಬೇಕು, ಒಳಗೆ ಬಂದವರು ಹೇಗೆ ಒಟ್ಟಿಗೆ ಬಾಳಬೇಕು: ಈ ಎರಡು ಪ್ರಶ್ನೆಗಳನ್ನೂ ಜೊತೆಯಲ್ಲಿಟ್ಟು ನೋಡಲು ನೆರವಾಗುವ ಒಂದು ಶಾಲೆ ಅಮೆರಿಕದ ಬಾಸ್ಟನ್ ನಗರದಲ್ಲಿದೆ. ಅದರ ಹೆಸರು ಬಾಸ್ಟನ್ ಲ್ಯಾಟಿನ್ ಸ್ಕೂಲ್. ಮಕ್ಕಳು ಏಳನೆಯ ತರಗತಿಗೆ ಸೇರಿ ಹನ್ನೆರಡನೆಯ ತರಗತಿ ಮುಗಿಸಿ ಹೊರಬರುತ್ತಾರೆ. ಸರ್ಕಾರಿ ಶಾಲೆ, ಶುಲ್ಕವಿಲ್ಲ. ಆದರೆ ನಗರದ ಎಲ್ಲ ಮಕ್ಕಳಿಗೂ ಜಾಗವಿಲ್ಲ, ಆರಿಸಿ ತೆಗೆದುಕೊಳ್ಳುತ್ತಾರೆ. ಆರಿಸುವುದು ಹೇಗೆ ಎಂಬ ಒಂದೇ ಪ್ರಶ್ನೆಯ ಮೇಲೆ ಆ ನಗರ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿಯಿತು.

ಈ ಶಾಲೆ ಹುಟ್ಟಿದ್ದು 1635ರಲ್ಲಿ. ಅಮೆರಿಕ ಎಂಬ ರಾಷ್ಟ್ರ ಹುಟ್ಟುವುದಕ್ಕೆ ನೂರ ನಲವತ್ತು ವರ್ಷ ಮೊದಲು. ಹಾರ್ವರ್ಡ್ ಕಾಲೇಜು ಹುಟ್ಟುವುದಕ್ಕೆ ಒಂದು ವರ್ಷ ಮೊದಲು. ಇಂಗ್ಲೆಂಡಿನಿಂದ ಬಂದು ನೆಲೆಸಿದ ಜನ ಊರ ಸಭೆ ಸೇರಿ, ಮಕ್ಕಳಿಗೆ ಕಲಿಸಲು ಫಿಲೆಮನ್ ಪೋರ್ಮಾರ್ಟ್ ಎಂಬಾತನನ್ನು ಉಪಾಧ್ಯಾಯನನ್ನಾಗಿ ಗೊತ್ತುಮಾಡಿದರು. ಅಂದಿನ ವಿದ್ಯೆ ಎಂದರೆ ಲ್ಯಾಟಿನ್ ಮತ್ತು ಗ್ರೀಕ್. 1776ರ ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದವರಲ್ಲಿ ಐವರು ಈ ಶಾಲೆಯ ಬೆಂಚಿನ ಮೇಲೆ ಕುಳಿತವರು. ಅವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬ. ಆತ ಓದು ಮುಗಿಸದೆ ಬಿಟ್ಟವನು. ಎಮರ್ಸನ್ ಇಲ್ಲಿ ಓದಿದ. ಗುಲಾಮಗಿರಿಯ ವಿರುದ್ಧ ಹೋರಾಡಿದ ಚಾರ್ಲ್ಸ್ ಸಮ್ನರ್ ಇಲ್ಲಿ ಓದಿದ. ಶಾಲೆಯ ಸಭಾಂಗಣದ ಗೋಡೆಯ ಮೇಲೆ ಇಂಥ ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನು ಬರೆದಿದ್ದಾರೆ. ಹೊಸದಾಗಿ ಸೇರಿದ ಮಗು ಆ ಹೆಸರುಗಳ ಕೆಳಗೆ ಕುಳಿತುಕೊಳ್ಳುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯದರ ಮೊದಲಿಗೂ ಬಾಸ್ಟನ್ನಿನ ಜನಸಂಖ್ಯೆಯ ಬಣ್ಣವೇ ಬದಲಾಯಿತು. ಐರ್ಲೆಂಡಿನಿಂದ, ಇಟಲಿಯಿಂದ, ಪೂರ್ವ ಯೂರೋಪಿನಿಂದ ಬಡವರು ಹಡಗು ಹತ್ತಿ ಬಂದರು. ಅವರ ಮಕ್ಕಳಿಗೆ ಈ ಶಾಲೆ ಏಣಿಯಾಯಿತು. ಪೂರ್ವ ಯೂರೋಪಿನಿಂದ ಬಂದ ಯೆಹೂದಿ ಕುಟುಂಬದ ಹುಡುಗ ಲೆನಾರ್ಡ್ ಬರ್ನ್‌ಸ್ಟೈನ್ 1935ರಲ್ಲಿ ಇಲ್ಲಿಂದ ಹೊರಬಂದು, ಮುಂದೆ ಪ್ರಖ್ಯಾತ ಸಂಗೀತ ನಿರ್ದೇಶಕನಾದ. ಅವನಿಗಿಂತ ಮೂರು ವರ್ಷ ಮೊದಲು ಓದು ಮುಗಿಸಿದ ಥಿಯೊಡೋರ್ ವೈಟ್, ಬೀದಿಯಲ್ಲಿ ಪತ್ರಿಕೆ ಮಾರುವ ಹುಡುಗರಿಗೆಂದು ಇದ್ದ ವಿದ್ಯಾರ್ಥಿವೇತನದ ನೆರವಿನಿಂದ ಹಾರ್ವರ್ಡಿಗೆ ಹೋಗಿ, ಹೆಸರಾಂತ ಪತ್ರಕರ್ತನಾದ. ಹೀಗೆ ಬಡವನ ಮಗ ಮೇಲೇರಲು ಒಂದು ದಾರಿ ಇತ್ತು ಎಂಬುದು ನಿಜ. ಆ ಊರಿನವರು ಈ ಶಾಲೆಯ ಹೆಸರೆತ್ತಿದೊಡನೆ ಎದೆಯುಬ್ಬಿಸುವುದಕ್ಕೆ ಕಾರಣವೂ ಅದೇ.

ಆದರೆ ಆ ಏಣಿಯ ಮೆಟ್ಟಿಲು ಬಲು ಕಡಿದು. ಇಲ್ಲಿ ತರಗತಿಗಳನ್ನು ಹಿಂದುಮುಂದಾಗಿ ಎಣಿಸುವ ಸಂಪ್ರದಾಯ. ಏಳನೆಯ ತರಗತಿಗೆ ಸೇರಿದ ಮಗು ‘ಆರನೆಯ ವರ್ಗ’ದ್ದು, ಕೊನೆಯ ವರ್ಷದವರು ‘ಒಂದನೆಯ ವರ್ಗ’ದವರು. ಹೊಸಬರನ್ನು ‘ಸಿಕ್ಸೀಸ್’ ಎಂದು ಕರೆಯುತ್ತಾರೆ. ಲ್ಯಾಟಿನ್ ಕಡ್ಡಾಯ. ಸಹಪಾಠಿಗಳ ಮುಂದೆ ನಿಂತು ಕಂಠಪಾಠ ಮಾಡಿದ ಭಾಗವನ್ನು ಒಪ್ಪಿಸುವುದೂ ಕಡ್ಡಾಯ. ಹಿಂದಿನ ಕಾಲದಲ್ಲಿ ಸೇರಿದವರಲ್ಲಿ ಬಹಳ ಮಂದಿ ಕೊನೆಯ ತನಕ ಉಳಿಯುತ್ತಿರಲಿಲ್ಲ. ಮೊದಲ ದಿನವೇ ಹೊಸಬರಿಗೆ, ಎಡಗಡೆಯವನನ್ನೂ ಬಲಗಡೆಯವನನ್ನೂ ಒಮ್ಮೆ ನೋಡಿಕೊಳ್ಳಿ, ಮುಗಿಸುವ ಹೊತ್ತಿಗೆ ಅವರು ಇಲ್ಲಿರಲಾರರು ಎಂದು ಹೇಳುತ್ತಿದ್ದರೆಂಬ ಮಾತು ಹಳೆಯ ವಿದ್ಯಾರ್ಥಿಗಳ ಬಾಯಲ್ಲಿ ಉಳಿದುಬಂದಿದೆ. ಹನ್ನೆರಡು ವರ್ಷದ ಮಗುವಿಗೆ ಪಕ್ಕದವನು ಗೆಳೆಯನಲ್ಲ, ಸ್ಪರ್ಧಿ ಎಂದು ಮೊದಲ ದಿನವೇ ಕಲಿಸಿದಂತಾಯಿತು. ಒಳಮನೆಯ ಗಾಳಿ ಎಂಥದೆಂಬುದಕ್ಕೆ ಈ ಒಂದು ಮಾತು ಸಾಕು.

ಇನ್ನು ಹೊಸ್ತಿಲಿನ ವಿಷಯ. ಏಣಿ ಇದ್ದದ್ದು ಎಲ್ಲರಿಗೂ ಅಲ್ಲ. 1848ರಲ್ಲಿ ಬಾಸ್ಟನ್ನಿನಲ್ಲಿ ಸಾರಾ ರಾಬರ್ಟ್ಸ್ ಎಂಬ ಐದು ವರ್ಷದ ಕಪ್ಪು ಜನಾಂಗದ ಹುಡುಗಿ ಇದ್ದಳು. ತನಗೆಂದು ಗೊತ್ತುಮಾಡಿದ ಪ್ರತ್ಯೇಕ ಶಾಲೆಗೆ ಹೋಗಬೇಕಾದರೆ ಅವಳು ಬಿಳಿಯ ಮಕ್ಕಳ ಐದು ಶಾಲೆಗಳನ್ನು ದಾಟಿಕೊಂಡು ನಡೆಯಬೇಕಾಗಿತ್ತು. ಅವಳ ತಂದೆ ನಗರದ ಮೇಲೆ ದಾವೆ ಹೂಡಿದ. ಅವಳ ಪರವಾಗಿ ವಾದಿಸಿದವರಲ್ಲಿ ಒಬ್ಬ, ಮೇಲೆ ಹೇಳಿದ ಚಾರ್ಲ್ಸ್ ಸಮ್ನರ್. 1850ರಲ್ಲಿ ನ್ಯಾಯಾಲಯ ನಗರದ ಪರವಾಗಿಯೇ ತೀರ್ಪು ಕೊಟ್ಟಿತು. ಆದರೆ 1855ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಶಾಸನಸಭೆ, ಬಣ್ಣ ನೋಡಿ ಶಾಲೆಯಿಂದ ದೂರವಿಡಬಾರದೆಂದು ಕಾನೂನನ್ನೇ ಮಾಡಿತು. ಕಾನೂನು ಬಂದಿತು, ಆದರೆ ಜನರು ವಾಸವಾಗಿರುವ ಬೀದಿಗಳು ಬೇರೆಬೇರೆಯಾಗಿದ್ದರೆ ಶಾಲೆಗಳೂ ಬೇರೆಬೇರೆಯಾಗುವುದನ್ನು ಆ ಕಾನೂನು ತಡೆಯಲಾರದೆ ಹೋಯಿತು.

ಹೆಣ್ಣುಮಕ್ಕಳ ಕಥೆ ಇನ್ನೊಂದು. ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಇದು ಗಂಡುಹುಡುಗರ ಶಾಲೆ. 1870ರ ದಶಕದ ಕೊನೆಯಲ್ಲಿ ಹುಡುಗಿಯರಿಗಾಗಿ ಗರ್ಲ್ಸ್ ಲ್ಯಾಟಿನ್ ಸ್ಕೂಲ್ ಎಂಬ ಬೇರೆ ಶಾಲೆ ತೆರೆದರು. ಆ ಶಾಲೆಯ ಕಟ್ಟಡ ಚಿಕ್ಕದು, ಜಾಗ ಕಡಿಮೆ. ಹಾಗಾಗಿ 1970ರ ಹೊತ್ತಿನ ಪ್ರವೇಶ ಪರೀಕ್ಷೆಯಲ್ಲಿ 200 ಅಂಕಗಳಿಗೆ 120 ಬಂದರೆ ಹುಡುಗನಿಗೆ ಜಾಗ ಸಿಗುತ್ತಿತ್ತು. ಹುಡುಗಿಗೆ 133 ಬೇಕಾಗಿತ್ತು. ಅದೇ ಪ್ರಶ್ನೆಪತ್ರಿಕೆ, ಅದೇ ವಯಸ್ಸು. ನಡುವೆ ಹದಿಮೂರು ಅಂಕಗಳ ಗೋಡೆ. 1972ರಲ್ಲಿ ಕೇಂದ್ರ ನ್ಯಾಯಾಲಯ ಇದು ಅನ್ಯಾಯವೆಂದಿತು. ಆ ವರ್ಷ ಹುಡುಗಿಯರು ಮೊದಲ ಬಾರಿಗೆ ಬಾಸ್ಟನ್ ಲ್ಯಾಟಿನ್ನಿನ ಹೊಸ್ತಿಲು ದಾಟಿದರು. ಅಂಕವೆಂಬುದು ಯಾರ ಮುಖವನ್ನೂ ನೋಡದ ತಕ್ಕಡಿ ಎಂದು ನಂಬಿದವರಿಗೆ, ಆ ತಕ್ಕಡಿಯ ಬಟ್ಟುಗಳನ್ನು ಎರಡು ಬಗೆಯಾಗಿ ಇಡಬಹುದೆಂಬುದು ಅಂದು ಕಣ್ಣಿಗೆ ಕಂಡಿತು.

ಅಷ್ಟರಲ್ಲಿ ಇಡೀ ದೇಶದಲ್ಲಿ ದೊಡ್ಡ ಬದಲಾವಣೆಯ ಗಾಳಿ ಬೀಸುತ್ತಿತ್ತು. 1954ರ ಮೇ 17ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬಣ್ಣದ ಮೇಲೆ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸಾರಿತ್ತು. ತೀರ್ಪು ಬಂದ ಮಾತ್ರಕ್ಕೆ ಮಕ್ಕಳು ಒಟ್ಟಿಗೆ ಕೂರಲಿಲ್ಲ. ಒಟ್ಟಿಗೆ ಕೂರಿಸುವುದಕ್ಕೆ ಎರಡು ಉಪಾಯಗಳು ಹುಟ್ಟಿಕೊಂಡವು. ಮೊದಲನೆಯದು, ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿ ಬೇರೆ ಬಡಾವಣೆಯ ಶಾಲೆಗೆ ಕಳಿಸುವುದು. ಎರಡನೆಯದು, ಯಾರನ್ನೂ ಬಲವಂತವಾಗಿ ಕಳಿಸದೆ, ಕಪ್ಪು ಜನರ ಬಡಾವಣೆಯ ಶಾಲೆಯಲ್ಲಿಯೇ ಒಳ್ಳೆಯ ಪ್ರಯೋಗಶಾಲೆ, ಸಂಗೀತ, ಹೊಸ ಬೋಧನಾಕ್ರಮಗಳನ್ನಿಟ್ಟು, ಬಿಳಿಯ ತಂದೆತಾಯಿಗಳು ತಾವಾಗಿಯೇ ಮಕ್ಕಳನ್ನು ಕಳಿಸುವಂತೆ ಸೆಳೆಯುವುದು. 1968ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾ ನಗರದ ಮೆಕಾರ್ವರ್ ಶಾಲೆಯಲ್ಲಿ ಇದನ್ನು ಮೊದಲು ಮಾಡಿನೋಡಿದರು. 1969ರಲ್ಲಿ ಬಾಸ್ಟನ್ನಿನ ರಾಕ್ಸ್‌ಬರಿ ಬಡಾವಣೆಯ ಟ್ರಾಟರ್ ಶಾಲೆ ಅದೇ ದಾರಿ ಹಿಡಿಯಿತು. ಇಂಥವಕ್ಕೆ ಮುಂದೆ ‘ಮ್ಯಾಗ್ನೆಟ್ ಶಾಲೆ’ ಎಂಬ ಹೆಸರು ಬಂದಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಸೂಜಿಗಲ್ಲಿನ ಶಾಲೆ.

ಸೂಜಿಗಲ್ಲು ಎಂಬ ಹೆಸರು ಚೆನ್ನಾಗಿದೆ. ಆದರೆ ಸೂಜಿಗಲ್ಲಿಗೆ ಎರಡು ತುದಿಗಳುಂಟು. ಒಂದು ಸೆಳೆದರೆ ಇನ್ನೊಂದು ದೂಡುತ್ತದೆ. ಎಲ್ಲ ಬಗೆಯ ಮಕ್ಕಳನ್ನೂ ಒಂದೆಡೆ ಸೇರಿಸಲೆಂದು ಹುಟ್ಟಿದ ಈ ಉಪಾಯ, ಬೇಡಿಕೆ ಹೆಚ್ಚಿದ ಕಡೆಗಳಲ್ಲಿ ಕೆಲವರನ್ನು ಆರಿಸಿ ಉಳಿದವರನ್ನು ಬಿಡುವ ಉಪಾಯವೂ ಆಯಿತು. ಬೇಕೆಂದವರೆಲ್ಲರಿಗೂ ಜಾಗವಿಲ್ಲವೆಂದ ಮೇಲೆ ಚೀಟಿ ಎತ್ತಬೇಕು, ಇಲ್ಲವೆ ಪರೀಕ್ಷೆ ಮಾಡಬೇಕು. ಪರೀಕ್ಷೆ ಬಂದೊಡನೆ ಅದಕ್ಕೆ ತಯಾರಿ ಬರುತ್ತದೆ. ತಯಾರಿಗೆ ಹಣ ಬೇಕು, ಸಮಯ ಬೇಕು, ವಿಷಯ ತಿಳಿದ ತಂದೆತಾಯಿ ಬೇಕು.

ಬಾಸ್ಟನ್ನಿನಲ್ಲಿ ಎರಡು ಉಪಾಯಗಳೂ ಒಂದೇ ಕಾಲದಲ್ಲಿ ಬಂದವು. ಕಪ್ಪು ಜನಾಂಗದ ತಂದೆತಾಯಿಗಳು 1972ರಲ್ಲಿ ಹೂಡಿದ ದಾವೆಯನ್ನು ಕೇಂದ್ರ ನ್ಯಾಯಾಧೀಶ ಆರ್ಥರ್ ಗ್ಯಾರಿಟಿ ವಿಚಾರಿಸಿ, 1974ರ ಜೂನ್ 21ರಂದು ತೀರ್ಪು ಕೊಟ್ಟರು: ನಗರದ ಶಾಲಾ ಸಮಿತಿ ಬೇಕೆಂದೇ ಮಕ್ಕಳನ್ನು ಬಣ್ಣದ ಮೇಲೆ ಬೇರ್ಪಡಿಸಿದೆ. ಸೆಪ್ಟೆಂಬರಿನಲ್ಲಿ ಬಸ್ಸುಗಳು ಹೊರಟವು. ದಕ್ಷಿಣ ಬಾಸ್ಟನ್ನಿನಲ್ಲಿ ಕಪ್ಪು ಮಕ್ಕಳಿದ್ದ ಬಸ್ಸುಗಳ ಮೇಲೆ ಜನ ಕಲ್ಲು ತೂರಿದರು. ಗುಲಾಮಗಿರಿಯ ವಿರುದ್ಧ ಮೊದಲು ದನಿಯೆತ್ತಿದ ನಗರಗಳಲ್ಲಿ ಒಂದೆಂದು ಹೆಸರಾದ ಊರಿನಲ್ಲಿ ಶಾಲೆಯ ಮಕ್ಕಳು ಒಡೆದ ಕಿಟಕಿಗಳ ಬಸ್ಸಿನಲ್ಲಿ ಮನೆಗೆ ಮರಳಿದರು.

1975ರ ಎರಡನೆಯ ಯೋಜನೆಯಲ್ಲಿ ಗ್ಯಾರಿಟಿ ನಗರವನ್ನು ಒಂಬತ್ತು ವಿಭಾಗಗಳಾಗಿ ಮಾಡಿ, ಅವುಗಳಲ್ಲಿ ಒಂದನ್ನು ಇಡೀ ನಗರದ ಮಕ್ಕಳಿಗೆ ತೆರೆದ ಮ್ಯಾಗ್ನೆಟ್ ವಿಭಾಗವೆಂದು ಗೊತ್ತುಮಾಡಿದರು. ಪರೀಕ್ಷೆಯ ಮೂಲಕ ಆರಿಸುವ ಮೂರು ಶಾಲೆಗಳೂ ಇದರಲ್ಲಿ ಸೇರಿದವು. ಬಾಸ್ಟನ್ ಲ್ಯಾಟಿನ್ ಅವುಗಳಲ್ಲಿ ಹಿರಿಯದು. ಪರೀಕ್ಷೆಯನ್ನು ಅವರು ತೆಗೆಯಲಿಲ್ಲ. ಆದರೆ ಹೊಸದಾಗಿ ಸೇರುವವರಲ್ಲಿ ಶೇಕಡಾ 35ರಷ್ಟಾದರೂ ಕಪ್ಪು ಜನಾಂಗದ ಮತ್ತು ಹಿಸ್ಪಾನಿಕ್ ಮಕ್ಕಳಿರಬೇಕೆಂದು ಆಜ್ಞೆ ಮಾಡಿದರು. ಹಿಸ್ಪಾನಿಕ್ ಎಂದರೆ ಸ್ಪ್ಯಾನಿಷ್ ಮಾತನಾಡುವ ನಾಡುಗಳಿಂದ ಬಂದವರು. ಮೀಸಲು ಎಂಬ ಮಾತು ನಮ್ಮ ಓದುಗರಿಗೆ ಹೊಸದಲ್ಲ. ಅದರ ಪರವಾಗಿಯೂ ವಿರೋಧವಾಗಿಯೂ ಹೇಳುವ ಮಾತುಗಳೂ ಹೊಸವಲ್ಲ. ಆ ಮಾತುಗಳೆಲ್ಲ ಬಾಸ್ಟನ್ನಿನಲ್ಲಿಯೂ ಕೇಳಿಬಂದವು.

ಈ ಮೀಸಲು ಇಪ್ಪತ್ತು ವರ್ಷ ನಡೆಯಿತು. ಶಾಲೆಯ ಮುಖವೇ ಬದಲಾಯಿತು. ಮಕ್ಕಳ ನಿಯೋಜನೆಯ ಮೇಲೆ ನ್ಯಾಯಾಲಯದ ಹಿಡಿತ 1987ರಲ್ಲಿ ಸಡಿಲಿತಾದರೂ ಶಾಲಾ ಸಮಿತಿ ತಾನಾಗಿಯೇ ಅದನ್ನು ಮುಂದುವರಿಸಿತು. 1995ರಲ್ಲಿ ಒಬ್ಬ ಬಿಳಿಯ ವಕೀಲ, ತನ್ನ ಹನ್ನೆರಡು ವರ್ಷದ ಮಗಳಿಗಿಂತ ಕಡಿಮೆ ಅಂಕ ಬಂದವರಿಗೆ ಜಾಗ ಸಿಕ್ಕಿ ಅವಳಿಗೆ ಸಿಗಲಿಲ್ಲವೆಂದು ದಾವೆ ಹೂಡಿದ. ಮೊಕದ್ದಮೆ ಬಂದದ್ದು ಯಾರ ಮುಂದೆ? ಅದೇ ಗ್ಯಾರಿಟಿಯವರ ಮುಂದೆ. 1996ರ ಆಗಸ್ಟಿನಲ್ಲಿ, ಮೀಸಲನ್ನು ತಂದ ನ್ಯಾಯಾಧೀಶರೇ ಆ ಹುಡುಗಿಯನ್ನು ಸೇರಿಸಿಕೊಳ್ಳಿ ಎಂದು ಆಜ್ಞೆ ಮಾಡಿದರು. ಒಂದು ಕಾಲದ ರೋಗಕ್ಕೆ ಕೊಟ್ಟ ಮದ್ದನ್ನು ಎಂದೆಂದಿಗೂ ಕೊಡುತ್ತಿರಬಹುದೇ ಎಂಬ ಪ್ರಶ್ನೆ ಅವರ ಮುಂದಿತ್ತು. ಆ ವರ್ಷದ ನವೆಂಬರಿನಲ್ಲಿ ಶಾಲಾ ಸಮಿತಿ ಶೇಕಡಾ 35ರ ನಿಯಮವನ್ನು ಕೈಬಿಟ್ಟಿತು.

ಕೈಬಿಟ್ಟು ಮಾಡಿದ್ದೇನು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಹೊಸ ನಿಯಮ ಬಂದಿತು. ಅರ್ಧ ಜಾಗಗಳನ್ನು ಕೇವಲ ಶ್ರೇಣಿಯ ಮೇಲೆ ಕೊಡುವುದು. ಉಳಿದ ಅರ್ಧವನ್ನು, ಅರ್ಹರಲ್ಲಿ ಪ್ರತಿಯೊಂದು ಜನಾಂಗದವರೂ ಎಷ್ಟಿದ್ದಾರೋ ಅದಕ್ಕೆ ತಕ್ಕಂತೆ ಹಂಚಿ, ಆಯಾ ಗುಂಪಿನೊಳಗೆ ಶ್ರೇಣಿಯನ್ನು ನೋಡುವುದು. 1997ರಲ್ಲಿ ಒಂಬತ್ತನೆಯ ತರಗತಿಗೆ ಖಾಲಿಯಿದ್ದ ಜಾಗಗಳು 90. ಅವುಗಳಲ್ಲಿ 45 ಶ್ರೇಣಿಯಿಂದ ತುಂಬಿದವು. ಇನ್ನು 45ರಲ್ಲಿ ಕಪ್ಪು ಜನಾಂಗದವರಿಗೆ 13, ಬಿಳಿಯರಿಗೆ 18, ಏಷ್ಯಾ ಮೂಲದವರಿಗೆ 9, ಹಿಸ್ಪಾನಿಕ್ ಮಕ್ಕಳಿಗೆ 5. ಪಟ್ಟಿಯಲ್ಲಿ 91ನೆಯ ಸ್ಥಾನದಲ್ಲಿದ್ದ ಒಬ್ಬ ಹುಡುಗಿಗೆ ಜಾಗ ಸಿಗಲಿಲ್ಲ. ಮೇಲಿನ ಕೆಲವರು ಬೇಡವೆಂದಿದ್ದರಿಂದ, ಶ್ರೇಣಿಯೊಂದನ್ನೇ ನೋಡಿದ್ದರೆ ಅವಳಿಗೆ ಸಿಗುತ್ತಿತ್ತು. ಮತ್ತೆ ದಾವೆ. 1998ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಈ ನಿಯಮವನ್ನೂ ತಳ್ಳಿಹಾಕಿತು. ಶಾಲಾ ಸಮಿತಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗದೆ ಸುಮ್ಮನಾಯಿತು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಶಾಲೆಯ ಅಂಕ, ಪ್ರವೇಶ ಪರೀಕ್ಷೆಯ ಅಂಕ, ಇವೆರಡೇ ಬಾಗಿಲ ಕಾವಲುಗಾರರು.

ಈಗಲಾದರೂ ತಕ್ಕಡಿ ನೆಟ್ಟಗಾಯಿತೆ? ಪರೀಕ್ಷೆ ಯಾವುದೆಂದು ನೋಡಬೇಕು. 2020ರವರೆಗೆ ಬಾಸ್ಟನ್ ಬಳಸುತ್ತಿದ್ದದ್ದು ಖಾಸಗಿ ಶಾಲೆಗಳ ಪ್ರವೇಶಕ್ಕಾಗಿ ಮಾಡಿದ ಪರೀಕ್ಷೆ. ಸರ್ಕಾರಿ ಶಾಲೆಯ ಆರನೆಯ ತರಗತಿಯಲ್ಲಿ ಇನ್ನೂ ಪಾಠ ಮಾಡದ ವಿಷಯಗಳೂ ಅದರಲ್ಲಿ ಬರುತ್ತಿದ್ದವು. ಬಲ್ಲ ತಂದೆತಾಯಿಗಳು ಹಣ ಕೊಟ್ಟು ಪಾಠ ಹೇಳಿಸುತ್ತಿದ್ದರು. ಖಾಸಗಿ ಶಾಲೆಯಲ್ಲಿ ಓದುತ್ತಿದ್ದ ಮಕ್ಕಳೂ ಏಳನೆಯ ತರಗತಿಗೆ ಇಲ್ಲಿ ಸೇರಲು ಬರುತ್ತಿದ್ದರು. 2018ರಲ್ಲಿ ಹಾರ್ವರ್ಡಿನಿಂದ ಹೊರಬಂದ ಒಂದು ಅಧ್ಯಯನ ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟಿತು: ರಾಜ್ಯದ ಸಾಮಾನ್ಯ ಪರೀಕ್ಷೆಯಲ್ಲಿ ಸರಿಸಮವಾಗಿ ಅಂಕ ತೆಗೆದ ಮಕ್ಕಳಲ್ಲಿಯೂ ಕಪ್ಪು ಜನಾಂಗದ ಮತ್ತು ಹಿಸ್ಪಾನಿಕ್ ಮಕ್ಕಳು ಈ ಪ್ರವೇಶ ಪರೀಕ್ಷೆಗೆ ಕೂರುವುದೇ ಕಡಿಮೆ; ಕುಳಿತರೂ ಅದರಲ್ಲಿ ಬರುವ ಅಂಕ ಕಡಿಮೆ. ಅಂದರೆ ಬುದ್ಧಿಯ ಕೊರತೆಯಲ್ಲ. ಬಾಗಿಲಿನ ಗುರುತು ತಿಳಿಯದ ಕೊರತೆ. 2016ರ ಹೊತ್ತಿಗೆ ನಗರದ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕಪ್ಪು ಜನಾಂಗದವರಿದ್ದರೂ, ಬಾಸ್ಟನ್ ಲ್ಯಾಟಿನ್ನಿನಲ್ಲಿ ಅವರು ಶೇಕಡಾ 10ಕ್ಕೂ ಕಡಿಮೆ.

ಇಲ್ಲಿಯವರೆಗಿನ ಕಥೆಯೆಲ್ಲ ಹೊಸ್ತಿಲಿನದು. ಎಷ್ಟು ಜಾಗ, ಎಷ್ಟು ಅಂಕ, ಯಾರಿಗೆ ಎಷ್ಟು ಪಾಲು: ನಲವತ್ತು ವರ್ಷದ ಕಡತಗಳ ತುಂಬ ಇದೇ ಲೆಕ್ಕ. ಒಳಮನೆಯ ಮಾತನ್ನು ಹೊರಗೆ ತಂದವರು ನ್ಯಾಯಾಧೀಶರೂ ಅಲ್ಲ, ಶಾಲಾ ಸಮಿತಿಯವರೂ ಅಲ್ಲ, ಮಕ್ಕಳೇ.

2016ರ ಜನವರಿಯಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅವರ ನೆನಪಿನ ದಿನ, ಕೊನೆಯ ವರ್ಷದ ಇಬ್ಬರು ಕಪ್ಪು ಜನಾಂಗದ ವಿದ್ಯಾರ್ಥಿನಿಯರು ತಾವೇ ಚಿತ್ರಿಸಿದ ಒಂದು ವೀಡಿಯೋವನ್ನು ಯೂಟ್ಯೂಬಿನಲ್ಲಿ ಹಾಕಿದರು. ಸಹಪಾಠಿಗಳು ತಮ್ಮನ್ನು ಹೀನಾಯವಾಗಿ ಕರೆಯುವುದು, ಸಾಮಾಜಿಕ ಜಾಲತಾಣಗಳಲ್ಲಿ ಬರೆಯುವುದು, ದೂರು ಕೊಟ್ಟರೂ ಶಾಲೆ ತಕ್ಕಷ್ಟು ಕ್ರಮ ಕೈಗೊಳ್ಳದೆ ಇರುವುದು, ಇವನ್ನು ಯಾವ ಅಬ್ಬರವೂ ಇಲ್ಲದೆ ಹೇಳಿದರು. ತಮ್ಮಂಥ ಉಳಿದ ಮಕ್ಕಳೂ ತಮ್ಮ ಅನುಭವಗಳನ್ನು ಹೇಳಿಕೊಳ್ಳಲಿ ಎಂದು ಕರೆಕೊಟ್ಟರು. ಮಾತು ನಗರವನ್ನೆಲ್ಲ ಹಬ್ಬಿತು. ಆ ಪ್ರಾಂತದ ಕೇಂದ್ರ ಸರ್ಕಾರದ ವಕೀಲರಾದ ಕಾರ್ಮೆನ್ ಓರ್ಟಿಜ್ ತನಿಖೆ ನಡೆಸಿದರು. ಜೂನಿನಲ್ಲಿ ಶಾಲೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಸೆಪ್ಟೆಂಬರಿನಲ್ಲಿ ವರದಿ ಬಂದಿತು.

ವರದಿಯಲ್ಲಿ ಮುಖ್ಯವಾಗಿದ್ದದ್ದು 2014ರ ಒಂದು ಘಟನೆ. ತರಗತಿಯಲ್ಲಿ ಒಬ್ಬ ಹುಡುಗ ಕಪ್ಪು ಜನಾಂಗದ ಒಬ್ಬ ಹುಡುಗಿಯನ್ನು ಕೆಟ್ಟ ಪದದಿಂದ ಕರೆದು, ವಿದ್ಯುತ್ ತಂತಿಯನ್ನು ತೋರಿಸಿ ನೇಣುಹಾಕುವ ಮಾತಾಡಿದ. ಅಮೆರಿಕದ ಚರಿತ್ರೆಯನ್ನು ಬಲ್ಲವರಿಗೆ ಆ ಮಾತಿನ ಭಾರ ತಿಳಿಯುತ್ತದೆ. ಒಂದು ಕಾಲದಲ್ಲಿ ಗುಂಪುಗಳು ಕಪ್ಪು ಜನರನ್ನು ವಿಚಾರಣೆಯಿಲ್ಲದೆ ಮರಕ್ಕೆ ನೇಣುಹಾಕುತ್ತಿದ್ದವು. ಶಾಲೆ ಈ ಪ್ರಕರಣವನ್ನು ಸರಿಯಾಗಿ ವಿಚಾರಿಸಲಿಲ್ಲ, ಹುಡುಗಿಗೆ ತಕ್ಕ ರಕ್ಷಣೆ ಕೊಡಲಿಲ್ಲ, ಹೀಗೆ 1964ರ ನಾಗರಿಕ ಹಕ್ಕುಗಳ ಕಾಯಿದೆಯನ್ನು ಉಲ್ಲಂಘಿಸಿತು ಎಂದು ವರದಿ ಹೇಳಿತು. ಉಪಾಧ್ಯಾಯರಿಗೆ ತರಬೇತಿ, ದೂರುಗಳನ್ನು ವಿಚಾರಿಸುವ ಕ್ರಮ, ಶಾಲೆಯ ವಾತಾವರಣದ ಪರಿಶೀಲನೆ, ಇವುಗಳಿಗೆ ನಗರ ಒಪ್ಪಿಕೊಂಡಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ಹುಡುಗಿ ಯಾವ ಮೀಸಲಿನಿಂದಲೂ ಬಂದವಳಲ್ಲ. ಜನಾಂಗದ ಲೆಕ್ಕದ ನಿಯಮ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಆ ಶಾಲೆಯ ಎಲ್ಲ ಮಕ್ಕಳಂತೆ ಅವಳೂ ಅಂಕ ತೆಗೆದು ಬಂದವಳು. ಬಾಗಿಲಲ್ಲಿ ಎಲ್ಲರಿಗೂ ಒಂದೇ ಅಳತೆಗೋಲು ಇಟ್ಟರೆ ಒಳಗಿನ ಅನುಮಾನ ತಾನಾಗಿ ಕರಗುತ್ತದೆ ಎಂದು ಹೇಳುತ್ತಿದ್ದವರಿಗೆ ಇದು ಉತ್ತರ. ಹಾಗೆಯೇ, ಬಾಗಿಲನ್ನು ಅಗಲಮಾಡಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದವರಿಗೂ ಇದೇ ಉತ್ತರ. ಹೊಸ್ತಿಲಿನ ನಿಯಮ ಯಾವುದೇ ಇರಲಿ, ಒಳಗೆ ಕೈಬೆರಳೆಣಿಕೆಯಷ್ಟು ಮಂದಿಯಾಗಿ ಉಳಿದ ಮಕ್ಕಳು, ನೀವು ಇಲ್ಲಿಗೆ ಹೇಗೆ ಬಂದಿರಿ ಎಂಬ ನೋಟವನ್ನು ದಿನದಿನವೂ ಎದುರಿಸಬೇಕಾಗುತ್ತದೆ. ಆ ನೋಟವನ್ನು ಅಳಿಸುವ ಕೆಲಸ ಪ್ರವೇಶ ಪಟ್ಟಿಯದಲ್ಲ. ಉಪಾಧ್ಯಾಯರದು, ಹಿರಿಯರದು, ಜೊತೆಯ ಮಕ್ಕಳದು.

2020ರಲ್ಲಿ ಕೋವಿಡ್ ಪಿಡುಗು ಬಂದು ಮಕ್ಕಳನ್ನು ಒಂದೆಡೆ ಕೂರಿಸಿ ಪರೀಕ್ಷೆ ಮಾಡುವಂತಿಲ್ಲವಾಯಿತು. ಅಕ್ಟೋಬರಿನಲ್ಲಿ ಶಾಲಾ ಸಮಿತಿ ಒಂದು ವರ್ಷದ ಮಟ್ಟಿಗೆ ಪರೀಕ್ಷೆಯನ್ನು ಕೈಬಿಟ್ಟು, ಶಾಲೆಯ ಅಂಕಗಳನ್ನೇ ಆಧಾರವಾಗಿ ಇಟ್ಟುಕೊಂಡಿತು. ಶೇಕಡಾ 20ರಷ್ಟು ಜಾಗ ಇಡೀ ನಗರದ ಶ್ರೇಣಿಯಿಂದ. ಶೇಕಡಾ 80ರಷ್ಟು ಅಂಚೆ ವಲಯಗಳ ಮೇಲೆ ಹಂಚಿಕೆ, ಅದೂ ಅತಿ ಕಡಿಮೆ ಆದಾಯದ ವಲಯದಿಂದ ಮೊದಲುಗೊಂಡು. ಈ ನಿರ್ಧಾರಕ್ಕಾಗಿ ಕೂಡಿದ ಸಭೆ ಗಂಟೆಗಟ್ಟಲೆ ನಡೆಯಿತು. ಮಾತನಾಡಲು ಬಂದಿದ್ದ ಏಷ್ಯಾ ಮೂಲದ ನಾಗರಿಕರ ಹೆಸರುಗಳನ್ನು ಸಮಿತಿಯ ಅಧ್ಯಕ್ಷರೇ ಗೇಲಿ ಮಾಡಿದ್ದು ಧ್ವನಿವಾಹಕದಲ್ಲಿ ಎಲ್ಲರಿಗೂ ಕೇಳಿಸಿಬಿಟ್ಟಿತು. ಅವರು ರಾಜೀನಾಮೆ ಕೊಡಬೇಕಾಯಿತು. ಮಕ್ಕಳಿಗೆ ನ್ಯಾಯವಾದ ಬಾಗಿಲು ಕಟ್ಟಲು ಕುಳಿತ ಹಿರಿಯರ ಒಳಮನೆಯಲ್ಲಿಯೇ ಕಸವಿತ್ತು ಎಂಬುದು ಅಂದು ಊರಿಗೆಲ್ಲ ತಿಳಿಯಿತು.

2021ರ ಜುಲೈಯಲ್ಲಿ ಬಂದ ನಿಯಮ ಇನ್ನೊಂದು ಬಗೆಯದು. ಅದರಲ್ಲಿ ಬಣ್ಣದ ಮಾತಿಲ್ಲ. ನಗರದ ಬೀದಿಗಳನ್ನು ಅಲ್ಲಿನ ಆದಾಯ, ವಿದ್ಯಾಭ್ಯಾಸ, ಮನೆಯ ಸ್ಥಿತಿ ಮುಂತಾದವನ್ನು ನೋಡಿ ಎಂಟು ಅಂತಸ್ತುಗಳಾಗಿ ಮಾಡಿ, ಪ್ರತಿಯೊಂದು ಅಂತಸ್ತಿಗೂ ಸಮಪಾಲು ಜಾಗ ಕೊಟ್ಟರು. ಮಗು ತನ್ನ ಅಂತಸ್ತಿನ ಮಕ್ಕಳೊಡನೆ ಮಾತ್ರ ಸ್ಪರ್ಧಿಸಬೇಕಾಗಿತ್ತು. ಶಾಲೆಯ ಅಂಕಕ್ಕೆ ಶೇಕಡಾ 70, ಪರೀಕ್ಷೆ ಮತ್ತೆ ಬಂದಾಗ ಅದಕ್ಕೆ ಶೇಕಡಾ 30. ಬಡಮಕ್ಕಳು ಹೆಚ್ಚಾಗಿರುವ ಶಾಲೆಯಿಂದ ಬಂದವರಿಗೆ ಕೆಲವು ಹೆಚ್ಚಿನ ಅಂಕಗಳು. ಮಧ್ಯಮವರ್ಗದ ಬೀದಿಯಲ್ಲಿದ್ದು ಸಾಧಾರಣ ಶಾಲೆಗೆ ಹೋಗುವ ಮಗುವಿಗೆ ಇದರಿಂದ ಅನ್ಯಾಯವೆಂಬ ದೂರುಗಳು ಬಂದವು. ಮುಂದೆ ನಿಯಮಕ್ಕೆ ತಿದ್ದುಪಡಿಗಳೂ ಆದವು. 2020ರ ಅಂಚೆ ವಲಯದ ಯೋಜನೆಯ ಮೇಲೆ ತಂದೆತಾಯಿಗಳ ಒಂದು ಕೂಟ ದಾವೆ ಹೂಡಿತ್ತು. 2023ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ನಗರದ ಪರವಾಗಿ ತೀರ್ಪು ಕೊಟ್ಟಿತು. 2024ರ ಡಿಸೆಂಬರ್ 9ರಂದು ಸರ್ವೋಚ್ಚ ನ್ಯಾಯಾಲಯ ಆ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಇಷ್ಟೆಲ್ಲ ಜಗ್ಗಾಟ ಯಾವುದಕ್ಕಾಗಿ ಎಂದು ಯಾರಾದರೂ ಕೇಳಿದರೆ, ಅದಕ್ಕೂ ಒಂದು ಕುತೂಹಲದ ಉತ್ತರವಿದೆ. 2014ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಬಾಸ್ಟನ್ನಿನ ಮತ್ತು ನ್ಯೂಯಾರ್ಕಿನ ಇಂಥ ಶಾಲೆಗಳ ಲೆಕ್ಕಗಳನ್ನು ಪರಿಶೀಲಿಸಿದರು. ಪ್ರವೇಶದ ಗೆರೆಯಿಂದ ಒಂದೆರಡು ಅಂಕ ಮೇಲಿದ್ದು ಜಾಗ ಸಿಕ್ಕ ಮಕ್ಕಳನ್ನೂ, ಒಂದೆರಡು ಅಂಕ ಕೆಳಗಿದ್ದು ಬೇರೆ ಶಾಲೆಗೆ ಹೋದ ಮಕ್ಕಳನ್ನೂ ಹೋಲಿಸಿದರು. ಗೆರೆಯ ಎರಡು ಪಕ್ಕದ ಈ ಮಕ್ಕಳ ಮುಂದಿನ ಪರೀಕ್ಷೆಗಳ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗೆರೆಯ ಹತ್ತಿರ ನಿಂತ ಮಕ್ಕಳ ವಿಷಯದಲ್ಲಿ ಮಾತ್ರ ಹೇಳಿದ ಮಾತು ಇದು. ಎಲ್ಲ ಮಕ್ಕಳಿಗೂ ಶಾಲೆಯಿಂದ ಪ್ರಯೋಜನವಿಲ್ಲವೆಂದು ಇದರ ಅರ್ಥವಲ್ಲ. ಒಳ್ಳೆಯ ಗೆಳೆಯರು, ನಾಟಕ, ಸಂಗೀತ, ಚರ್ಚಾಕೂಟ, ಇವನ್ನೆಲ್ಲ ಅಂಕದಲ್ಲಿ ಅಳೆಯಲಾಗದು. ಆದರೂ ಒಂದು ಮಾತು ನಿಲ್ಲುತ್ತದೆ. ನಮ್ಮ ಮನೆಯ ಹಬ್ಬವನ್ನೂ ಮೌನವನ್ನೂ ತೀರ್ಮಾನಿಸುವ ಆ ಗೆರೆ, ನಾವು ತಿಳಿದುಕೊಂಡಷ್ಟು ಆಳವಾದದ್ದಲ್ಲ.

ಬಾಸ್ಟನ್ನಿನ ಈ ಚರಿತ್ರೆಯಿಂದ, ಇಂಥ ನಿಯಮವೇ ಸರಿಯಾದದ್ದು ಎಂದು ತೀರ್ಮಾನಿಸುವುದು ಕಷ್ಟ. ಗಂಡುಹೆಣ್ಣಿಗೆ ಬೇರೆಬೇರೆ ಅಂಕ, ಶೇಕಡಾ 35ರ ಪಾಲು, ಅರ್ಧಕ್ಕರ್ಧ, ಬರಿಯ ಶ್ರೇಣಿ, ಅಂಚೆ ವಲಯ, ಎಂಟು ಅಂತಸ್ತು: ಪ್ರತ್ಯೇಕವಾಗಿ ನೋಡಿದರೆ ಒಂದೊಂದೂ ಯಾರಿಗೋ ನ್ಯಾಯ, ಯಾರಿಗೋ ಅನ್ಯಾಯ. ಜಾಗ ಕಡಿಮೆಯಿದ್ದು ಬೇಡುವವರು ಹೆಚ್ಚಾಗಿರುವ ತನಕ ಹೊಸ್ತಿಲಿನ ಜಗಳ ತಪ್ಪುವುದಿಲ್ಲ; ತಪ್ಪಲೂಬಾರದು. ಯಾರನ್ನು ಬಿಟ್ಟೆವು ಎಂದು ಆಗಾಗ ಲೆಕ್ಕ ನೋಡದ ಬಾಗಿಲು ತುಕ್ಕು ಹಿಡಿಯುತ್ತದೆ.

ಆದರೆ ಆ ಲೆಕ್ಕ ಮುಗಿದ ಸಂಜೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಬಾಸ್ಟನ್ ಆ ಪ್ರಶ್ನೆಯನ್ನು ಕೇಳಲು ಬಹಳ ತಡಮಾಡಿತು. ಕೊನೆಗೆ ಇಬ್ಬರು ಹುಡುಗಿಯರು ಕೇಳಬೇಕಾಯಿತು. ಪಟ್ಟಿಯಲ್ಲಿ ಹೆಸರು ಬಂದ ಮಗು ಮೊದಲ ದಿನ ಆ ಹಳೆಯ ಸಭಾಂಗಣದಲ್ಲಿ, ಗೋಡೆಯ ಮೇಲಿನ ದೊಡ್ಡ ಹೆಸರುಗಳ ಕೆಳಗೆ, ಹೆದರಿಕೊಂಡು ಕುಳಿತಾಗ, ಎಡಗಡೆಯವನೂ ಬಲಗಡೆಯವನೂ ಅದಕ್ಕೆ ಸ್ವಲ್ಪ ಜಾಗ ಬಿಟ್ಟು ಸರಿದು ಕೂರುತ್ತಾರೆಯೆ? ಸಂಜೆ ಮನೆಗೆ ಬಂದ ಮಗುವನ್ನು ತಂದೆತಾಯಿಗಳು ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು, ಇವತ್ತು ಯಾರ ಜೊತೆ ಕೂತು ಊಟ ಮಾಡಿದೆ ಎಂದು ಕೇಳಿದರೆ, ಶಾಲೆಯ ಒಳಮನೆ ಹೇಗಿದೆಯೆಂಬುದು ಆ ಒಂದು ಉತ್ತರದಲ್ಲಿ ತಿಳಿದುಹೋಗುತ್ತದೆ.